ಟೊಳ್ಳು ಸದ್ದು ಬಂದರೆ ಗೋಡೆ ಒಡೆಯಬಹುದೇ?

‘ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅದು ಬರೀ ಅಡ್ಡಗೋಡೆ, ಒಡೆದು ಹಾಲ್ ದೊಡ್ಡದು ಮಾಡಿ’ ಎಂಬ ಮಾತು ನಂಬಬೇಡಿ. ಗಾರೆ ಬಿಟ್ಟುಕೊಂಡಿದ್ದರೂ ಅದೇ ಸದ್ದು ಬರುತ್ತದೆ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಎಷ್ಟೋ ಹಳೆಯ ಮನೆಗಳಿಗೆ ಕಾಂಕ್ರೀಟ್ ಪಿಲ್ಲರ್ ಇಲ್ಲ. ಮಣ್ಣಿನ ಇಲ್ಲವೇ ಇಟ್ಟಿಗೆಯ ಗೋಡೆಗಳೇ ಭಾರ ಹೊರುತ್ತವೆ. ಮಗನ ಮದುವೆಗೆಂದು ಮೇಲೊಂದು ಮಹಡಿ ಎಬ್ಬಿಸಿದ್ದರೆ ಆ ತೂಕವೂ ಅವುಗಳ ಮೇಲೆಯೇ.

ಒಡೆಯಬೇಕೆಂದಿರುವ ಗೋಡೆಯ ಮೇಲೆ ತೊಲೆಯ ತುದಿ ಕೂತಿದೆಯೇ? ಅದರ ನೇರಕ್ಕೆ ಮಹಡಿಯಲ್ಲೂ ಗೋಡೆ ಇದೆಯೇ? ಎರಡರಲ್ಲಿ ಒಂದಿದ್ದರೂ ಅದು ಭಾರದ ಗೋಡೆ ಎಂದೇ ತಿಳಿಯಿರಿ, ನಾಲ್ಕೂವರೆ ಇಂಚಿನದಾದರೂ ಸರಿ. ಆರ್‌ಸಿಸಿ ಚಾವಣಿಯಾದರೆ ಕಣ್ಣಳತೆ ಸಾಲದು, ಒಳಗಿನ ಕಂಬಿ ಹೊರಗೆ ಕಾಣದು. ಎಂಜಿನಿಯರ್ ಬಂದು ನೋಡಲಿ. ಮೇಸ್ತ್ರಿ ಸುತ್ತಿಗೆ ಎತ್ತುವ ಮೊದಲೇ ಆಧಾರ ಕೊಡುವುದು, ಬೀಮ್ ಕೂರಿಸುವುದು ಲೆಕ್ಕವಾಗಿರಬೇಕು. ಒಡೆದ ದಿನ ಏನೂ ಆಗದೆ, ತಿಂಗಳುಗಳ ನಂತರ ಬಿರುಕು ಬಿಡುವುದೂ ಉಂಟು.