ನಿಮಗಿದು ಗೊತ್ತೇ? ಮನೆ ಬೆಚ್ಚಗಿಡುವ ಯಂತ್ರಕ್ಕೂ ತಲೆ ಬಾಚಬೇಕು!

ಮಗಳ ಬಾಣಂತನಕ್ಕೆಂದು ಅಮೆರಿಕದ ನಾರ್ತ್ ಕೆರೊಲಿನಾಕ್ಕೆ ಹೋಗಿದ್ದೀರಿ ಅನ್ನಿ. ಜನವರಿಯ ಬೆಳಗು. ಹಿತ್ತಲಲ್ಲಿ ಕೂತ ದೊಡ್ಡ ಡಬ್ಬಿಯ ಫ್ಯಾನ್ ಗಕ್ಕನೆ ನಿಂತಿತು. 'ಬುಸ್ಸ್' ಅಂತ ಸದ್ದು. ಮೇಲೆ ದಟ್ಟ ಬಿಳಿ ಹೊಗೆ! ಬೆಂಕಿ ಬಿತ್ತೆಂದು ಕೂಗಿಕೊಳ್ಳಬೇಡಿ. ಅದು ಮನೆಯ ಹೀಟ್ ಪಂಪ್. ಹೊಗೆಯಲ್ಲ, ಬರೀ ಆವಿ. ಮೈಮೇಲೆ ಕಟ್ಟಿದ ಮಂಜನ್ನು ತಾನೇ ಕರಗಿಸಿಕೊಳ್ಳುತ್ತಿದೆ!

ಕರಗಿಸುವ ಬಗೆ ಇನ್ನೂ ಮಜಾ. ಕೊರೆಯುವ ಚಳಿಯಲ್ಲಿ ಅದು ಕೆಲವು ನಿಮಿಷ ಎಸಿ ಆಗಿಬಿಡುತ್ತದೆ! ಒಳಗಿನ ಶಾಖವನ್ನೇ ಹೊತ್ತು ಹೊರಗೆ ಸುರಿಯುತ್ತದೆ. ದಿಕ್ಕು ಬದಲಿಸುವುದು ನಾಲ್ಕು ಬಾಯಿಯ ಒಂದೇ ಒಂದು ವಾಲ್ವ್. ಆದರೆ ಗಂಟೆಗಟ್ಟಲೆ ಕಳೆದರೂ ಡಬ್ಬಿ ಐಸ್ ಗಡ್ಡೆಯಾಗಿಯೇ ಇದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಚಾಕು ಹಿಡಿದು ಕೆತ್ತಲು ಹೋಗೀರಿ ಜೋಕೆ!

ಅಷ್ಟು ಚಳಿಯಲ್ಲಿ ಶಾಖ ಎಲ್ಲಿಂದ ಬಂತು? ಹೊರಗಿನ ಗಾಳಿಯಿಂದಲೇ! ಕೆಲವು ಯಂತ್ರಗಳ ಒಳಗೆ ಹರಿಯುವ ಆರ್-32 ಅನಿಲವನ್ನು ದ್ರವವಾಗಿಸಿ ಬಯಲಲ್ಲಿಟ್ಟರೆ ಸೊನ್ನೆಗಿಂತ 52 ಡಿಗ್ರಿ ಕೆಳಗೇ ಕುದಿಯುತ್ತದೆ. ನಮಗೆ ನಡುಕ ಹುಟ್ಟಿಸುವ ಗಾಳಿಯೇ ಅದಕ್ಕೆ ಒಲೆ!

ಇದೇನೂ ನಿನ್ನೆ ಮೊನ್ನೆಯದಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರಸಭೆಯ ಕಟ್ಟಡವನ್ನು 1938ರಲ್ಲೇ ಹೀಟ್ ಪಂಪ್ ಬೆಚ್ಚಗಿಟ್ಟಿತ್ತು. ಶಾಖ ಎತ್ತಿದ್ದು ಪಕ್ಕದ ಲಿಮ್ಮಟ್ ನದಿಯ ತಣ್ಣೀರಿನಿಂದ!

ಯಂತ್ರದೊಳಗಿನ ಅನಿಲ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. 'ಗ್ಯಾಸ್ ಖಾಲಿ' ಅಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ತೂತು ಮುಚ್ಚದೆ ಬರೀ ತುಂಬಿಸಿ ಹೋಗುವವರನ್ನು ನಂಬಬೇಡಿ!

ಯಂತ್ರದ ಅಲ್ಯೂಮಿನಿಯಂ ಪಟ್ಟಿಗಳು ಕಾಗದದಷ್ಟು ತೆಳು. ಆಲಿಕಲ್ಲು ಬಿದ್ದರೂ ಮಡಚಿಕೊಳ್ಳುತ್ತವೆ, ಗಾಳಿಯ ದಾರಿ ಕಟ್ಟುತ್ತದೆ. ಅವನ್ನು ನೇರ ಮಾಡಲು ಅಂಗಡಿಯಲ್ಲಿ ಪುಟ್ಟ ಬಾಚಣಿಗೆಯೇ ಸಿಗುತ್ತದೆ. ಮೇಲಿಂದ ಕೆಳಗೆ ಮೆಲ್ಲಗೆ ಬಾಚಿದರೆ ಮುಗಿಯಿತು!

ರಾತ್ರಿ ಥರ್ಮೋಸ್ಟಾಟ್ ಪೂರ್ತಿ ಇಳಿಸಿ ಬೆಳಿಗ್ಗೆ ಒಮ್ಮೆಲೇ ಏರಿಸಿದರೆ ಬಿಲ್ಲೂ ಏರಬಹುದು! ಅನೇಕ ಮನೆಗಳಲ್ಲಿ ಅವಸರಕ್ಕೆ ಒಳಗಿನ ಕರೆಂಟ್ ಹೀಟರ್ ಹೊತ್ತಿಕೊಳ್ಳುತ್ತದೆ. ನಮ್ಮ ಬಕೆಟ್ ನೀರಿನ ಕಾಯಿಲ್ ಇದೆಯಲ್ಲ, ಅದರ ದೊಡ್ಡಣ್ಣ!

ಚೆನ್ನಾಗಿ ನೋಡಿಕೊಂಡ ಯಂತ್ರಕ್ಕೂ ತೀರಾ ಅಲಕ್ಷ್ಯ ಮಾಡಿದ್ದಕ್ಕೂ ಕರೆಂಟಿನಲ್ಲಿ ಶೇ. 10ರಿಂದ 25ರಷ್ಟು ಫರಕು ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ದೊಡ್ಡ ಕಳ್ಳ ಯಾರು? ಧೂಳು ತುಂಬಿದ ಫಿಲ್ಟರ್!

ಇನ್ನು ಇರುವೆ. ಡಬ್ಬಿಯೊಳಗಿನ ಸ್ವಿಚ್ಚಿನ ಸಂದಿಗೆ ನುಗ್ಗಿ ಶಾಕ್ ಹೊಡೆಸಿಕೊಂಡ ಕೆಂಜಿಗ ಸುಮ್ಮನೆ ಸಾಯುವುದಿಲ್ಲ, ಅಪಾಯದ ವಾಸನೆ ಬಿಡುತ್ತದೆ. ನೆರವಿಗೆ ಬಳಗವೇ ಓಡಿ ಬರುತ್ತದೆ, ಅವೂ ಸಾಯುತ್ತವೆ. ಕೊನೆಗೆ ಸತ್ತ ಇರುವೆಗಳೇ ತುಂಬಿ ಸ್ವಿಚ್ ಮುಟ್ಟುವುದೇ ಇಲ್ಲ. ಇಡೀ ಮನೆ ತಣ್ಣಗೆ!

ಅಂದಹಾಗೆ, ನಾಯಿಯನ್ನೂ ಡಬ್ಬಿಯ ಹತ್ತಿರ ಬಿಡಬೇಡಿ. ಅದು ದಿನಾ ಅಲ್ಲೇ ಕಾಲೆತ್ತಿದರೆ ಅಲ್ಯೂಮಿನಿಯಂ ಪುಡಿಪುಡಿ. ಬಾಚಲು ಪಟ್ಟಿಯೇ ಉಳಿದಿರುವುದಿಲ್ಲ!