ಅಂಟು ಬಿಡದ ರೆಸಿನ್ನಿಗೆ ಮೇಣದ ಮದ್ದು

ಅಂಧೇರಿಯ ಪೂರ್ವಭಾಗದಲ್ಲಿ, ಮರೋಳ ಸಾಕಿನಾಕಾಗಳ ಗಾಳಾಗಳ ಕಡೆ ನಡೆದಾಡುವ ನಮ್ಮ ಗುಮಾಸ್ತ ಬಂಧುಗಳಿಗೆ ಪಾಲಿಯೆಸ್ಟರ್ ರೆಸಿನ್ನಿನ ಘಾಟು ಅಪರಿಚಿತವಲ್ಲ. ವರ್ಸೋವಾದ ಕೋಳಿವಾಡದಲ್ಲಿಯೂ ನಮ್ಮ ಮಲ್ಪೆಯಲ್ಲಿಯೂ ಫೈಬರ್ ದೋಣಿಗಳು ಬಳಕೆಗೆ ಬಂದು ಬಹುಕಾಲವಾಯಿತು. ಹೋಟೆಲಿನ ಫೈಬರ್ ನಾಮಫಲಕವೋ ಮಾಡಿನ ಶೀಟೋ ಬಿರುಕುಬಿಟ್ಟಾಗ, ಡಬ್ಬಿಯೊಂದನ್ನು ಕೊಂಡುತಂದು ತಾವೇ ತೇಪೆ ಹಾಕುವ ಸಾಹಸಿಗಳೂ ನಮ್ಮಲ್ಲುಂಟು. (ಕಪ್ಪು ನೀರಿನ ಟಾಂಕಿಗೆ ಮಾತ್ರ ಈ ಶ್ರಮ ವ್ಯರ್ಥ, ಅದು ಪಾಲಿಥೀನಿನದು, ರೆಸಿನ್ ಅದಕ್ಕೆ ಹಿಡಿಯದು.)

ಇಂಥವರೆಲ್ಲರ ದೂರು ಒಂದೇ: ಒಳಗೆ ಕಲ್ಲಿನಂತೆ ಗಟ್ಟಿಯಾದ ತೇಪೆ ಮೇಲ್ಮೈಯಲ್ಲಿ ಮರುದಿನವೂ ಬೆಲ್ಲದ ಪಾಕದಂತೆ ಅಂಟುತ್ತದೆ. ಹಾರ್ಡನರ್ ಸಾಲದಾಯಿತೆಂದು ಬಗೆದು ಮುಂದಿನ ಬಾರಿ ಇಮ್ಮಡಿ ಸುರಿಯುವುದು ವಾಡಿಕೆ. ಆದರೆ ದೋಷ ಹಾರ್ಡನರಿನದಲ್ಲ, ಗಾಳಿಯದು. ರೆಸಿನ್ನಿನ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುವ ಕ್ರಿಯೆಯನ್ನು ಆಮ್ಲಜನಕವು ಮೇಲ್ಪದರದಲ್ಲಿ ತಡೆದುಬಿಡುತ್ತದೆ. ದೋಣಿ ಕಟ್ಟುವವನಿಗೆ ಈ ಅಂಟು ವರವೇ ಸರಿ, ಮುಂದಿನ ಪದರ ಅದರಿಂದ ಚೆನ್ನಾಗಿ ಕೂಡಿಕೊಳ್ಳುತ್ತದೆ. ಕೊನೆಯ ಪದರಕ್ಕೆ ಮಾತ್ರ ಗಾಳಿಯನ್ನು ತಡೆಯುವ ಮುಚ್ಚಳ ಬೇಕು.

ಆ ಮುಚ್ಚಳವೇ ಮೇಣ. ಸುಮಾರು 5 ಗ್ರಾಂ ಪ್ಯಾರಫಿನ್ ಮೇಣವನ್ನು 95 ಗ್ರಾಂ ಸ್ಟೈರೀನಿನಲ್ಲಿ ಕರಗಿಸಿ, ಆ ದ್ರವವನ್ನು ಕಿಲೋ ರೆಸಿನ್ನಿಗೆ 20ರಿಂದ 40 ಗ್ರಾಂನಷ್ಟು ಬೆರೆಸುವುದು ಕಸಬಿನವರ ಪದ್ಧತಿ. ರೆಸಿನ್ ಗಟ್ಟಿಯಾಗುತ್ತಿದ್ದಂತೆ ಮೇಣ ಮೇಲೆದ್ದು ತೆಳುಪೊರೆಯಾಗಿ ಹರಡುತ್ತದೆ. ಉರಿಬಿಸಿಲಿನಲ್ಲಿ ಬಳಿದರೆ ಮೇಣ ಕರಗಿಯೇ ಉಳಿದು ಪೊರೆ ಕಟ್ಟದೆ ಹೋಗಬಹುದು. ಮತ್ತೊಂದು ಪದರ ಹಾಕುವ ಮನಸ್ಸಾದರೆ ಮೇಣವನ್ನು ಪೂರ್ತಿಯಾಗಿ ಉಜ್ಜಿ ತೆಗೆಯದೆ ನಿರ್ವಾಹವಿಲ್ಲ.

ಇಷ್ಟು ಸುಲಭವಾದುದನ್ನು ಮನೆಯಲ್ಲಿಯೇ ಮಾಡಬಾರದೇಕೆ ಎಂದು ವಾಚಕರು ಕೇಳಬಹುದು. ಮೋಂಬತ್ತಿ ತುರಿದು ಸ್ಟೈರೀನಿಗೆ ಹಾಕಿ ಒಲೆಯ ಮೇಲಿಡುವವರಿದ್ದಾರೆ. ಮೋಂಬತ್ತಿಯಲ್ಲಿ ಪ್ಯಾರಫಿನ್ ಅಲ್ಲದ ಬೆರಕೆಗಳೂ ಇರುವುದುಂಟು, ಅದು ಹಾಗಿರಲಿ. ಸ್ಟೈರೀನ್ ಸುಮಾರು 31 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಮುಂಬಯಿಯ ಬೇಸಗೆಗೆ ಅಷ್ಟು ಶಾಖ ಏನು ದೊಡ್ಡದು? ಆ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಮೂಲೆಯ ಸ್ಟೋವನ್ನು ತಲುಪುತ್ತದೆ. ಐದಾರು ಜನ ಅಲ್ಲಿಯೇ ಉಂಡು ಅಲ್ಲಿಯೇ ಮಲಗುವ ಖೋಲಿಯಲ್ಲಿ ಇಂಥ ಪ್ರಯೋಗ ಕೂಡದು. ಮೇಣದ ದ್ರವ ಸಿದ್ಧವಾಗಿಯೇ ರೆಸಿನ್ ಅಂಗಡಿಗಳಲ್ಲಿ ದೊರೆಯುತ್ತದೆ. ಅದನ್ನು ಕೊಳ್ಳುವುದೇ ಲೇಸು.

ಇದಕ್ಕಿಂತ ಘೋರವಾದ ಅಪಾಯ ಕೋಬಾಲ್ಟ್ ಮತ್ತು ಹಾರ್ಡನರ್ ಸೀಸೆಗಳದು. ಇವೆರಡನ್ನು ನೇರವಾಗಿ ಒಂದಕ್ಕೊಂದು ಸೇರಿಸಿದರೆ ಉರಿದೇಳಬಹುದು, ಸಿಡಿಯಲೂಬಹುದು. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕದಡಿ, ಆಮೇಲಷ್ಟೇ ಹಾರ್ಡನರ್ ಹಾಕತಕ್ಕದ್ದು. ಹಲವು ಡಬ್ಬಿಗಳಲ್ಲಿ ಕೋಬಾಲ್ಟ್ ಮೊದಲೇ ಬೆರೆತಿರುತ್ತದೆ, ಅಂಗಡಿಯವನನ್ನು ಕೇಳಿ ತಿಳಿಯಬೇಕು. ಹಾರ್ಡನರಿನ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಕುತ್ತು. ಆದಕಾರಣ ಕನ್ನಡಕ ಧರಿಸದೆ ಸೀಸೆಯನ್ನು ತೆರೆಯಲಾಗದು.

ಮೇಣದ ಗೊಡವೆಯೇ ಬೇಡವೆನ್ನುವವರು ಹಸಿ ತೇಪೆಯ ಮೇಲೆ ಪಾಲಿಯೆಸ್ಟರಿನ ಪಾರದರ್ಶಕ ಹಾಳೆಯೊಂದನ್ನು ಗುಳ್ಳೆಯೇಳದಂತೆ ಹಾಸಿ ಬಿಡಬಹುದು. ಗಟ್ಟಿಯಾದ ಬಳಿಕ ಹಾಳೆ ತಾನಾಗಿ ಸುಲಿದು ಬರುತ್ತದೆ.