ತಾಳಿದವನು ಬಾಳಿಯಾನು: ಪೆಕಿಂಗ್‌ನಿಂದ ಪ್ಯಾರಿಸ್‌ಗೆ ಹಳೆಯ ಕಾರುಗಳ ಓಟ

ಕಾರ್ ರ‍್ಯಾಲಿ ಎಂದೊಡನೆ ಕಣ್ಣಮುಂದೆ ಬರುವುದು ಧೂಳೆಬ್ಬಿಸಿ ಧಾವಿಸುವ ಕಾರುಗಳು; ಇಲ್ಲವೇ ರವಿವಾರ ಬೆಳಿಗ್ಗೆ ನಗರದ ರಸ್ತೆಯಲ್ಲಿ ಮಿರಮಿರ ಮಿನುಗುತ್ತ ಸಾಗುವ ವಿಂಟೇಜ್ ಕಾರುಗಳ ಮೆರವಣಿಗೆ. ಇವೆರಡಕ್ಕಿಂತ ಭಿನ್ನವಾದ ಸ್ಪರ್ಧೆಯೊಂದಿದೆ. ಅದರಲ್ಲಿ ಐವತ್ತು, ಎಂಬತ್ತು, ನೂರು ವರ್ಷ ಹಳೆಯ ಕಾರುಗಳು ತಿಂಗಳಿಗೂ ಹೆಚ್ಚು ಕಾಲ ಮರುಭೂಮಿ, ಬೆಟ್ಟ, ನದಿಗಳನ್ನು ದಾಟಿ ಏಷ್ಯಾದಿಂದ ಯುರೋಪಿಗೆ ಹೋಗುತ್ತವೆ. ಅಲ್ಲಿ ಗೆಲ್ಲಿಸುವುದು ವೇಗವಲ್ಲ, ಲೆಕ್ಕ ಮತ್ತು ತಾಳ್ಮೆ. ಅದೇ ಪೆಕಿಂಗ್–ಪ್ಯಾರಿಸ್ ರ‍್ಯಾಲಿ.

ಬಿದಿರು ಕೋಲು ಹಿಡಿದ ರಾಜಕುಮಾರ

ಇದರ ಮೂಲ 1907ರಲ್ಲಿದೆ. ಈ ಬೇಸಿಗೆಯಲ್ಲಿ ಪೆಕಿಂಗ್‌ನಿಂದ ಪ್ಯಾರಿಸ್‌ಗೆ ಕಾರಿನಲ್ಲಿ ಬರಲು ಯಾರಾದರೂ ಸಿದ್ಧರಿದ್ದಾರೆಯೇ ಎಂದು ಪ್ಯಾರಿಸ್‌ನ 'ಲ ಮಾತ್ಯಾಂ' ಪತ್ರಿಕೆ ಸವಾಲು ಹಾಕಿತು. ಜೂನ್ 10ರಂದು ಪೆಕಿಂಗ್‌ನಿಂದ ಹೊರಟದ್ದು ಐದೇ ವಾಹನಗಳು. ಮುಂದಿದ್ದದ್ದು ಸುಮಾರು 15,000 ಕಿ.ಮೀ. ಹಾದಿ. ಬಹುಪಾಲು ಕಡೆ ರಸ್ತೆಯೇ ಇರಲಿಲ್ಲ. ಟೆಲಿಗ್ರಾಫ್ ತಂತಿಯೇ ದಾರಿದೀಪ. ಪೆಟ್ರೋಲನ್ನು ಒಂಟೆಗಳ ಮೇಲೆ ಮೊದಲೇ ಸಾಗಿಸಿಡಲಾಗಿತ್ತು.

ಇಟಲಿಯ ರಾಜಕುಮಾರ ಶಿಪಿಯೋನೆ ಬೊರ್ಗೇಸೆ ತನ್ನ 'ಇಟಾಲಾ' ಕಾರು ಹೊರಡುವ ಮೊದಲೇ ಕುದುರೆ ಏರಿ ಬೆಟ್ಟದ ದಾರಿಗಳನ್ನು ನೋಡಿ ಬಂದಿದ್ದ. ಕಾರಿನ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಬಿದಿರು ಕೋಲು ಅವನ ಕೈಯಲ್ಲಿತ್ತು. ಕೋಲು ಹಾದು ಹೋದ ಕಡೆ ಕಾರೂ ಹೋದೀತು ಎಂಬ ಸರಳ ಲೆಕ್ಕ. ಜೊತೆಗಿದ್ದವರು ಮೆಕ್ಯಾನಿಕ್ ಎತ್ತೋರೆ ಗ್ವಿಜಾರ್ದಿ ಮತ್ತು ಪತ್ರಕರ್ತ ಲುಯಿಜಿ ಬಾರ್ಜಿನಿ. ಸೈಬೀರಿಯಾದಲ್ಲಿ ಮರದ ಸೇತುವೆ ಕುಸಿದು ಕಾರು ಕೆಳಗೆ ಬಿತ್ತು. ಚಕ್ರ ಮುರಿದಾಗ ಹಳ್ಳಿಯ ಬಡಗಿಯೊಬ್ಬ ಹೊಸದನ್ನು ಮಾಡಿಕೊಟ್ಟ. ಆದರೂ ಎರಡೇ ತಿಂಗಳಲ್ಲಿ, ಆಗಸ್ಟ್ 10ರಂದು, ಬೊರ್ಗೇಸೆ ಪ್ಯಾರಿಸ್ ಮುಟ್ಟಿದ. ಉಳಿದವರು ತಲುಪಿದ್ದು ಅವನ ನಂತರ ಸುಮಾರು 20 ದಿನಕ್ಕೆ. ಮೂರು ಚಕ್ರದ 'ಕೊಂತಾಲ್' ಮಾತ್ರ ಗೋಬಿ ಮರುಭೂಮಿಯಲ್ಲೇ ಉಳಿಯಿತು. ನೀರಿಲ್ಲದೆ ಸಾವಿನ ಅಂಚಿಗೆ ಬಂದಿದ್ದ ಅದರ ಸವಾರರನ್ನು ಅಲೆಮಾರಿಗಳು ಬದುಕಿಸಿದರು.

ಸೆಕೆಂಡಿಗೆ ಹತ್ತು ಮೀಟರ್

ಈ ಓಟ ಹಳೆಯ ಕಾರುಗಳ ಸ್ಪರ್ಧೆಯಾಗಿ ಮರುಹುಟ್ಟು ಪಡೆದದ್ದು 1997ರಲ್ಲಿ. ಬ್ರಿಟನ್ನಿನ ಫಿಲಿಪ್ ಯಂಗ್ ಅದರ ರೂವಾರಿ. 90ಕ್ಕೂ ಹೆಚ್ಚು ಕಾರುಗಳು ಟಿಬೆಟ್, ನೇಪಾಳ ದಾಟಿ ನಮ್ಮ ಭಾರತದ ಮೂಲಕವೇ ಪಾಕಿಸ್ತಾನ, ಇರಾನ್‌ನತ್ತ ಸಾಗಿ 43 ದಿನಗಳಲ್ಲಿ ಪ್ಯಾರಿಸ್ ಸೇರಿದವು. ಗೆದ್ದದ್ದು ಯಾವುದೋ ಐಷಾರಾಮಿ ಕಾರಲ್ಲ, 1942ರ ವಿಲ್ಲಿಸ್ ಜೀಪು ಎಂಬುದು ಗಮನಾರ್ಹ.

ಸ್ಪರ್ಧೆಯ ಒಳಗುಟ್ಟು ತಿಳಿಯಬೇಕಾದರೆ 'ರೆಗ್ಯುಲಾರಿಟಿ' ಎಂಬ ವಿಭಾಗವನ್ನು ನೋಡಬೇಕು. ಉದಾಹರಣೆಗೆ, 21 ಕಿ.ಮೀ. ದಾರಿಯನ್ನು ಗಂಟೆಗೆ 36 ಕಿ.ಮೀ. ಸರಾಸರಿಯಲ್ಲಿ ಕ್ರಮಿಸಬೇಕು ಎಂದಿಟ್ಟುಕೊಳ್ಳಿ. ಅಂದರೆ ಸರಿಯಾಗಿ 35 ನಿಮಿಷ. ಆದರೆ ಅಧಿಕಾರಿಗಳು ನಡುವೆ ಎಲ್ಲೋ ಮರೆಯಲ್ಲಿ ಗಡಿಯಾರ ಹಿಡಿದು ಕುಳಿತಿರುತ್ತಾರೆ. ಅವರು 9ನೇ ಕಿ.ಮೀ.ನಲ್ಲಿದ್ದರೆ ಅಲ್ಲಿಗೆ 15 ನಿಮಿಷಕ್ಕೇ ಮುಟ್ಟಬೇಕು. ನಾಲ್ಕು ಸೆಕೆಂಡು ತಡವಾದರೂ ದಂಡ, ನಾಲ್ಕು ಸೆಕೆಂಡು ಬೇಗ ಬಂದರೂ ದಂಡ. ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಸಂಜೆಯ ಲೆಕ್ಕದಲ್ಲಿ ಹಣ ಕಡಿಮೆ ಬಿದ್ದರೂ ತಪ್ಪೇ, ಹೆಚ್ಚಾದರೂ ತಪ್ಪೇ.

ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ ಹತ್ತು ಮೀಟರ್. ಕಾರಿನ ದೂರಮಾಪಕ ನೂರಕ್ಕೆ ಒಂದರಷ್ಟು ತಪ್ಪು ತೋರಿಸಿದರೂ 21 ಕಿ.ಮೀ. ಮುಗಿಯುವಾಗ 210 ಮೀಟರ್, ಅಂದರೆ 21 ಸೆಕೆಂಡು ವ್ಯತ್ಯಾಸ! ಟೈರು ಸವೆದರೂ ಹೊಸ ಟೈರು ಹಾಕಿದರೂ ಅಳತೆ ಬದಲಾಗುತ್ತದೆ. ಆದುದರಿಂದ ಚಾಲಕನ ಪಕ್ಕದಲ್ಲಿ ಕುಳಿತ ನ್ಯಾವಿಗೇಟರನೇ ಇಲ್ಲಿ ಅರ್ಧ ಗೆಲುವಿನ ಒಡೆಯ. ಒಂದು ಕೈಯಲ್ಲಿ ಸ್ಟಾಪ್‌ವಾಚ್, ತೊಡೆಯ ಮೇಲೆ ರೋಡ್‌ಬುಕ್. ಅದರಲ್ಲಿ ಪ್ರತಿ ತಿರುವನ್ನೂ ಚುಕ್ಕಿ–ಬಾಣಗಳ ಪುಟ್ಟ ಚಿತ್ರದಲ್ಲಿ ತೋರಿಸಿರುತ್ತಾರೆ. ನೆದರ್ಲೆಂಡ್ಸ್‌ನ ಟ್ಯೂಲಿಪ್ ರ‍್ಯಾಲಿಯಿಂದ ಬಂದ ಈ ಪದ್ಧತಿಗೆ 'ಟ್ಯೂಲಿಪ್' ಎಂದೇ ಹೆಸರು.

ಹಗಲು ಓಟ, ರಾತ್ರಿ ರಿಪೇರಿ

ಲೆಕ್ಕ ಸರಿಯಿದ್ದರೆ ಸಾಲದು, ಕಾರೂ ಉಳಿಯಬೇಕು. ಕಲ್ಲುದಾರಿಯಲ್ಲಿ ಕಮಾನು ಪಟ್ಟಿಗಳು ಮುರಿಯುತ್ತವೆ, ಶಾಕ್ ಅಬ್ಸಾರ್ಬರ್ ಕೈಕೊಡುತ್ತದೆ, ರೇಡಿಯೇಟರ್ ಕುದಿಯುತ್ತದೆ. ಟಿಬೆಟ್‌ನ 5,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧಕ್ಕಿಳಿಯುತ್ತದೆ. ಆಗ ಕಾರ್ಬ್ಯುರೇಟರಿನಲ್ಲಿ ಗಾಳಿ ಕಡಿಮೆಯಾಗಿ, ಪೆಟ್ರೋಲ್ ಹೆಚ್ಚಾಗಿ, ಎಂಜಿನ್ ಕಪ್ಪು ಹೊಗೆ ಉಗುಳುತ್ತ ಸೋಲುತ್ತದೆ. ಸಂಜೆ ಬಿಡಾರ ತಲುಪಿದವರು ಊಟಕ್ಕೂ ಮೊದಲು ಕಾರಿನ ಕೆಳಗೆ ನುಸುಳುತ್ತಾರೆ. ದಾರಿಯ ಊರಿನ ವೆಲ್ಡಿಂಗ್ ಅಂಗಡಿಯವನೇ ಆಗ ಆಪದ್ಬಾಂಧವ. ಭಾಷೆ ಬಾರದಿದ್ದರೂ ಮುರಿದ ಕಬ್ಬಿಣ ತೋರಿಸಿದರೆ ಕೆಲಸವಾಗುತ್ತದೆ. ಬೆಳಿಗ್ಗೆ ತಮ್ಮ ನಿಮಿಷಕ್ಕೆ ಸರಿಯಾಗಿ ಹೊರಟವರೇ ಪದಕದ ಆಸೆ ಇಟ್ಟುಕೊಳ್ಳಬಹುದು.

ಇದು ಶ್ರೀಮಂತರ ಹವ್ಯಾಸವೆಂಬುದು ನಿಜ. ಪ್ರವೇಶ ಶುಲ್ಕ, ಕಾರಿನ ತಯಾರಿ, ಸಾಗಾಟ ಎಲ್ಲ ಸೇರಿ ಖರ್ಚು ದೊಡ್ಡದು. ಆದರೆ ಮರುಭೂಮಿಯ ನಡುವೆ ಕೆಟ್ಟು ನಿಂತ ಕಾರಿಗೆ ಬ್ಯಾಂಕ್ ಬ್ಯಾಲೆನ್ಸ್ ಗೊತ್ತಿಲ್ಲ. ಅಲ್ಲಿ ಹಿಂದೆ ಬಂದ ಸ್ಪರ್ಧಿಯೇ ನಿಂತು ಸ್ಪ್ಯಾನರ್ ಕೊಡುತ್ತಾನೆ. 2019ರ ರ‍್ಯಾಲಿಯಲ್ಲಿ ಬೆಲ್ಜಿಯಂನ ಸ್ಪರ್ಧಿಯೊಬ್ಬರು 1907ರಲ್ಲಿ ಸೋತ ಅದೇ ಮಾದರಿಯ ಮೂರು ಚಕ್ರದ ಕೊಂತಾಲನ್ನು ಪ್ಯಾರಿಸ್ ತಲುಪಿಸಿದರು. 112 ವರ್ಷಗಳ ಹಳೆಯ ಬಾಕಿಯೊಂದು ಹಾಗೆ ಚುಕ್ತಾ ಆಯಿತು. 2024ರ ಓಟ ರಷ್ಯಾವನ್ನು ಬಿಟ್ಟು, ಕಜಕಸ್ತಾನದ ಮೂಲಕ ಸಾಗಿ, ಕ್ಯಾಸ್ಪಿಯನ್ ಸಮುದ್ರ ದಾಟಿ 37 ದಿನಗಳಲ್ಲಿ ಪ್ಯಾರಿಸ್ ಸೇರಿತು.

ನಮ್ಮ ಅಂಗಳದ ಫಿಯೆಟ್

ಪೆಕಿಂಗ್ ನಮಗೆ ದೂರ. ಹಳೆಯ ಕಾರು ದೂರವಲ್ಲ. ಮುಂಬಯಿಯ ಕಾಲಿ–ಪೀಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಮರೆಯಾದವು. ಆದರೆ ಅದೇ ವಂಶದ ಖಾಸಗಿ ಫಿಯೆಟ್‌ಗಳು ಕೆಲವು ಹೌಸಿಂಗ್ ಸೊಸೈಟಿಗಳ ಮೂಲೆಯಲ್ಲಿ ಹೊದಿಕೆಯಡಿ ಇನ್ನೂ ನಿಂತಿವೆ. ತಂದೆ ಕೊಂಡ ಕಾರನ್ನು ಮಕ್ಕಳು ಗುಜರಿಗೆ ಹಾಕುವ ಮುನ್ನ ಒಂದು ವಿಷಯ ತಿಳಿದಿರಲಿ. ಕೇಂದ್ರ ಸರಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ಕಾರು, ಸ್ಕೂಟರುಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ನಿಯಮದಲ್ಲಿ ನಿಗದಿಯಾದ ಶುಲ್ಕ 20,000 ರೂ., ಅವಧಿ 10 ವರ್ಷ. ಮುಂದೆ ನವೀಕರಣಕ್ಕೆ 5,000 ರೂ. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರಗಳಿರುತ್ತವೆ. ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ತುಂಬಿಸಲು ಒಯ್ಯಬಹುದು. ಇದಕ್ಕೆ ಮುಖ್ಯವಾಗಿ ಬೇಕಾದದ್ದು ಹಳೆಯ ಆರ್‌ಸಿ ಪುಸ್ತಕ ಮತ್ತು ವಿಮೆ. ಆದ್ದರಿಂದ ಮನೆಯ ಟ್ರಂಕಿನಲ್ಲಿರುವ ಹಳದಿಗಟ್ಟಿದ ಕಾಗದಗಳನ್ನು ರದ್ದಿಗೆ ಹಾಕದಿರಿ.

ಬೊರ್ಗೇಸೆಯ ಇಟಾಲಾ ಇಂದು ಇಟಲಿಯ ಟ್ಯೂರಿನ್ ನಗರದ ಮೋಟಾರು ವಸ್ತುಸಂಗ್ರಹಾಲಯದಲ್ಲಿದೆ. ಯಾರೋ ಜೋಪಾನ ಮಾಡಿದ್ದರಿಂದಲೇ ಅದು ಉಳಿಯಿತು. ತಾಳಿದವನು ಬಾಳಿಯಾನು ಎಂಬ ನಮ್ಮ ಹಿರಿಯರ ಮಾತು ಮನುಷ್ಯರಿಗೆ ಮಾತ್ರವಲ್ಲ, ಒಳ್ಳೆಯ ಕೈಗೆ ಸಿಕ್ಕ ಯಂತ್ರಕ್ಕೂ ಸಲ್ಲುತ್ತದೆ.